ಟೀಚರ್ರೀ, ಲಿಂಕ್ ತೆರೀವಲ್ದ್ರೀ: ಮಕ್ಕಳ ನೋಟ್ಸ್ ಹಂಚಲು ನಾಲ್ಕು ವರ್ಷ ಗೂಗಲ್ ಡ್ರೈವ್

ಗೂಗಲ್ ಡ್ರೈವ್ ಎಲ್ಲರ ಫೋನಿನಲ್ಲೂ ಇದೆ. ಹೆಚ್ಚಿನವರು ಅದರಲ್ಲಿ ತಮ್ಮ ಫೈಲ್ ಇಟ್ಟುಕೊಳ್ಳುತ್ತಾರೆ. ನಾನು ಅದನ್ನು ಬಳಸುವುದು ಊರಿಗೆಲ್ಲ ಹಂಚಲು. ಇಟ್ಟುಕೊಳ್ಳುವುದು ಬೇರೆ, ಹಂಚುವುದು ಬೇರೆ. ಇದು ನನಗೆ ಗೊತ್ತಾಗಲು ಒಂದು ವರ್ಷವೇ ಹಿಡಿಯಿತು. ಅದಕ್ಕೇ ಹಂಚುವ ಕೆಲಸಕ್ಕೆ ಡ್ರೈವ್ ಹೇಗಿದೆ ಅಂತ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುವ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಇಲ್ಲಿನ ಪಾಲಿಕೆ ಶಾಲೆಗಳು ಎಂಟು ಭಾಷೆಗಳಲ್ಲಿ ನಡೆಯುತ್ತವೆ, ಕನ್ನಡವೂ ಅದರಲ್ಲಿ ಒಂದು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯವರು ಪಠ್ಯಪುಸ್ತಕವನ್ನು ಕನ್ನಡದಲ್ಲೂ ಅಚ್ಚು ಹಾಕುತ್ತಾರೆ, ಇ-ಬಾಲಭಾರತಿ ತಾಣದಲ್ಲಿ ಅದರ ಪಿಡಿಎಫ್ ಕೂಡ ಪುಕ್ಕಟೆ ಸಿಗುತ್ತದೆ. ಹಾಗಾಗಿ ಪುಸ್ತಕಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ಗೈಡ್‌ಗೆ. ದಾದರ್‌ನ ಪುಸ್ತಕದಂಗಡಿಗಳಲ್ಲಿ ಮರಾಠಿ, ಇಂಗ್ಲಿಷ್ ಗೈಡ್‌ಗಳನ್ನು ಛಾವಣಿ ತನಕ ಜೋಡಿಸಿರುತ್ತಾರೆ. ಕನ್ನಡದ್ದು ಅಂತ ಕೇಳಿದರೆ ನನಗೆ ಒಂದೂ ಸಿಕ್ಕಿಲ್ಲ. ಈ ಮಕ್ಕಳ ಮನೆಯವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರು. ಅಪ್ಪ ನಾಕಾದಲ್ಲಿ ನಿಂತು ಕೂಲಿ ಕೆಲಸ ಹಿಡಿಯುತ್ತಾರೆ, ಅವ್ವ ನಾಲ್ಕು ಮನೆ ಪಾತ್ರೆ ತಿಕ್ಕುತ್ತಾರೆ. ಟ್ಯೂಷನ್‌ಗೆ ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ನೋಟ್ಸ್ ನಾನೇ ಬರೆಯುತ್ತೇನೆ, ಬರೆದದ್ದನ್ನು ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಇಡುತ್ತೇನೆ.

ಶುರುವಿನಲ್ಲಿ ಪುಟಗಳ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದೆ. ಫೋಟೋ ಕುಗ್ಗಿ ಒತ್ತಕ್ಷರ ಒಂದೂ ಓದಲು ಬರುತ್ತಿರಲಿಲ್ಲ, ಆಮೇಲೆ ಸೇರಿದವರಿಗೆ ಹಳೆಯದು ಕಾಣುತ್ತಲೂ ಇರಲಿಲ್ಲ. ನಂತರ ಯಾರೋ ಹೇಳಿದರು ಅಂತ ಫೈಲ್ ಕಳಿಸುವ ಒಂದು ಪುಕ್ಕಟೆ ತಾಣ ಹಿಡಿದೆ. ಹೆಸರು ಬೇಡ. ಲಿಂಕ್ ಒಂದು ವಾರಕ್ಕೆ ಸತ್ತುಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಅಂದರೆ ಪುಟದ ತುಂಬ ದೊಡ್ಡ ದೊಡ್ಡ ಹಸಿರು ಡೌನ್‌ಲೋಡ್ ಬಟನ್‌ಗಳು, ಅದರಲ್ಲಿ ನಿಜವಾದದ್ದು ಒಂದೇ, ಅದೂ ಮೂಲೆಯಲ್ಲಿ ಸಣ್ಣದಾಗಿ. ಒಬ್ಬ ಹುಡುಗಿಯ ಅವ್ವನ ಫೋನಿಗೆ ಯಾವುದೋ ಆ್ಯಪ್ ಇಳಿದು ದಿನವಿಡೀ ಜಾಹೀರಾತು ಬರಲು ಶುರುವಾಯಿತು. ಅವರಿಗೆ ಇರುವುದೇ ಆ ಒಂದು ಫೋನ್. ಅವತ್ತು ನನಗೆ ಬಹಳ ಬೇಜಾರಾಯಿತು, ಅವತ್ತೇ ಆ ತಾಣ ಬಿಟ್ಟೆ.

ಡ್ರೈವ್‌ಗೆ ಬಂದದ್ದು ಹಾಗೆ. ಮೊದಲ ದಿನ ಬೀಜಗಣಿತದ ಒಂದು ಪಾಠ ಹಾಕಿ ಲಿಂಕ್ ಕಳಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೇಲ್‌ನಲ್ಲಿ 19 ಜನರ ಅನುಮತಿ ಕೋರಿಕೆ. ಸಂಜೆ ಒಬ್ಬಳು ಗಾಜು ಒಡೆದ ಫೋನನ್ನು ನನ್ನ ಮುಂದೆ ಹಿಡಿದು, 'ಟೀಚರ್ರೀ, ಲಿಂಕ್ ತೆರೀವಲ್ದ್ರೀ' ಅಂದಳು. ತಪ್ಪು ನನ್ನದೇ. ಡ್ರೈವ್‌ನಲ್ಲಿ ಹಾಕಿದ ಫೈಲ್ ಮೊದಲಿಗೆ 'ರಿಸ್ಟ್ರಿಕ್ಟೆಡ್' ಆಗಿಯೇ ಇರುತ್ತದೆ, ಅಂದರೆ ನೀವು ಹೆಸರು ಹಿಡಿದು ಸೇರಿಸಿದವರಿಗೆ ಮಾತ್ರ ತೆರೆಯುತ್ತದೆ. ಶೇರ್‌ಗೆ ಹೋಗಿ ಅದನ್ನು 'ಎನಿವನ್ ವಿತ್ ದ ಲಿಂಕ್' ಅಂತ ನೀವೇ ಬದಲಿಸಬೇಕು. ಖಾಸಗಿ ಫೈಲ್ ತಾನಾಗಿ ಬೀದಿಗೆ ಬೀಳಬಾರದಲ್ವಾ, ಆದ್ದರಿಂದ ಹಾಗಿರುವುದೇ ಸರಿ. ಈಗ ಲಿಂಕ್ ಕಳಿಸುವ ಮೊದಲು ನಾನೇ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡುತ್ತೇನೆ. ಅಲ್ಲಿ ನನ್ನ ಖಾತೆ ಇರುವುದಿಲ್ಲ. ನನಗೆ ಕಂಡದ್ದೇ ಆ ಅವ್ವನ ಫೋನಿನಲ್ಲೂ ಕಾಣುತ್ತದೆ. ಹತ್ತು ಸೆಕೆಂಡಿನ ಕೆಲಸ, ದಯವಿಟ್ಟು ಬಿಡಬೇಡಿ.

ಲಿಂಕ್ ಇರುವವರು ಏನು ಮಾಡಬಹುದು ಅನ್ನುವುದನ್ನೂ ನೀವೇ ಆರಿಸಬೇಕು: ನೋಡುವವರು, ಟಿಪ್ಪಣಿ ಹಾಕುವವರು, ತಿದ್ದುವವರು. ನಾನು ಒಮ್ಮೆ ಇತಿಹಾಸದ ಡಾಕ್ಯುಮೆಂಟ್ ಒಂದಕ್ಕೆ 'ಎಡಿಟರ್' ಕೊಟ್ಟುಬಿಟ್ಟಿದ್ದೆ. ಮರುದಿನ ಎರಡನೇ ಪಾಠ ಇದ್ದ ಜಾಗದಲ್ಲಿ ಯಾರದೋ ಕ್ರಿಕೆಟ್ ಟೀಮಿನ ಪಟ್ಟಿ ಇತ್ತು. ಮಗು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಬೆರಳು ಇಟ್ಟರೆ ಅಕ್ಷರ ಮೂಡಿತು, ಬರೆಯಿತು. ಗೂಗಲ್ ಡಾಕ್ಸ್ ಹಳೆಯ ಆವೃತ್ತಿಗಳನ್ನು ಇಟ್ಟುಕೊಂಡಿರುತ್ತದೆ, ಹಾಗಾಗಿ ಪಾಠ ಎರಡು ನಿಮಿಷದಲ್ಲಿ ವಾಪಸ್ ಬಂತು. ಆದರೂ ಅಂದಿನಿಂದ ಹಂಚುವುದು ಬರೀ ಪಿಡಿಎಫ್, ಕೊಡುವುದು 'ವ್ಯೂವರ್' ಮಾತ್ರ.

ಮುಂದೆ ಹೇಳುವುದನ್ನು ಸ್ವಲ್ಪ ನಿಧಾನವಾಗಿ ಓದಿ. ಫೈಲ್ ಒಂದೊಂದಾಗಿ ಹಂಚುವ ಬದಲು ಇಡೀ ಫೋಲ್ಡರ್ ಹಂಚಬಹುದು. ಬಹಳ ಅನುಕೂಲ, ಒಂದೇ ಲಿಂಕ್, ಒಳಗೆ ಹೊಸದು ಹಾಕುತ್ತಾ ಹೋದರೆ ಸಾಕು. ಆದರೆ ಆ ಫೋಲ್ಡರಿಗೆ ಬಿದ್ದದ್ದೆಲ್ಲ ಆ ಕ್ಷಣವೇ ಎಲ್ಲರದ್ದಾಗುತ್ತದೆ. ಹೊಸದಾಗಿ ಏರಿಸುವಾಗ ಕೇಳುವುದಿಲ್ಲ, ಎಚ್ಚರಿಸುವುದಿಲ್ಲ. ಒಂದು ಸಂಜೆ ಮಕ್ಕಳ ಹೆಸರು, ಅವರ ಮನೆಯ ಫೋನ್ ನಂಬರ್ ಇದ್ದ ಪಟ್ಟಿಯನ್ನು ನಾನು ಅವಸರದಲ್ಲಿ ಆ ಫೋಲ್ಡರಿಗೇ ಹಾಕಿಬಿಟ್ಟೆ. ಒಬ್ಬ ತಂದೆ ಫೋನ್ ಮಾಡಿ, 'ಮೇಡಂ, ಇದರಾಗ ನಮ್ಮ ಹುಡುಗಿ ನಂಬರ್ ಐತ್ರಿ' ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಪಟ್ಟಿ ಅಲ್ಲಿ ಇದ್ದದ್ದು 40 ನಿಮಿಷ. ಅಷ್ಟರಲ್ಲಿ ಯಾರು ನೋಡಿದರು, ಯಾರು ಇಳಿಸಿಕೊಂಡರು ಅಂತ ತಿಳಿಯುವ ದಾರಿಯೇ ನನಗೆ ಇರಲಿಲ್ಲ. ಮರುದಿನ ಪ್ರತಿ ಮನೆಗೂ ಹೇಳಿ ಕ್ಷಮೆ ಕೇಳಿದೆ. ಈಗ ಹಂಚುವುದಕ್ಕೆ ಅಂತಲೇ ಬೇರೆ ಗೂಗಲ್ ಖಾತೆ ಇದೆ. ಅದರಲ್ಲಿ ಯಾವ ಮಗುವಿನ ಹೆಸರೂ ಇಲ್ಲ, ಅಂಕಪಟ್ಟಿ ಇಲ್ಲ, ಆಧಾರ್ ಫೋಟೋ ಇಲ್ಲ. ನೀವು ಸಂಘಕ್ಕೋ ಶಾಲೆಗೋ ಫೈಲ್ ಹಂಚುವವರಾದರೆ ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಖಾತೆ ಅಂದ ಮೇಲೆ ಇನ್ನೊಂದು. ಫೈಲಿನ ಆಯುಷ್ಯ ಅದು ಇರುವ ಖಾತೆಯ ಆಯುಷ್ಯದಷ್ಟೇ. ನನ್ನ ಸ್ನೇಹಿತೆ ಒಂದು ಸಂಸ್ಥೆ ಕೊಟ್ಟ ಖಾತೆಯಲ್ಲಿ ಮೂರು ವರ್ಷ ಪಾಠ ಕೂಡಿಟ್ಟಿದ್ದಳು. ಕೆಲಸ ಬಿಟ್ಟಳು, ಅವರು ಖಾತೆ ಮುಚ್ಚಿದರು, ಮಕ್ಕಳ ವಹಿಯಲ್ಲಿ ಬರೆದಿಟ್ಟಿದ್ದ ಲಿಂಕ್‌ಗಳೆಲ್ಲ ಸತ್ತವು. ನಿಮ್ಮ ಸ್ವಂತ ಖಾತೆಯಾದರೂ ಎರಡು ವರ್ಷ ತೆರೆಯದೇ ಬಿಟ್ಟರೆ ಗೂಗಲ್ ಅದನ್ನು ಅಳಿಸಬಹುದು, ನಿಯಮವೇ ಹಾಗಿದೆ. ಹಂಚಲು ಮಾತ್ರ ಇಟ್ಟ ಖಾತೆ ಮರೆತುಹೋಗುವುದು ಸುಲಭ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಅದರೊಳಗೆ ಹೋಗಿ ಬರುತ್ತೇನೆ.

ಇನ್ನು ನನಗೆ ನಿಜವಾಗಿ ಇಷ್ಟವಾದ ವಿಷಯ. ಪರೀಕ್ಷೆಗೆ ಹತ್ತು ದಿನ ಇದ್ದಾಗ ಸಮಾಂತರ ಶ್ರೇಢಿಯ ಮೊತ್ತದ ಸೂತ್ರದಲ್ಲಿ 'ಎನ್ ಮೈನಸ್ 1' ಇರಬೇಕಾದಲ್ಲಿ 'ಎನ್ ಪ್ಲಸ್ 1' ಅಂತ ಬರೆದದ್ದು ಗೊತ್ತಾಯಿತು. ಲಿಂಕ್ ಆಗಲೇ ನಾಲ್ಕೈದು ಗ್ರೂಪ್ ದಾಟಿ ಸೋಲಾಪುರದ ತನಕ ಹೋಗಿತ್ತು. ಯಾರ ಹಿಂದೆ ಅಂತ ಓಡುವುದು? ಆದರೆ ಡ್ರೈವ್‌ನಲ್ಲಿ ಅದೇ ಫೈಲಿನ ಹೊಸ ಆವೃತ್ತಿ ಹಾಕಬಹುದು. ಕಂಪ್ಯೂಟರಿನಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, 'ಮ್ಯಾನೇಜ್ ವರ್ಷನ್ಸ್' ಹುಡುಕಿ, ತಿದ್ದಿದ ಪಿಡಿಎಫ್ ಏರಿಸಬೇಕು. ಲಿಂಕ್ ಬದಲಾಗುವುದಿಲ್ಲ. ಅದೇ ಹಳೆಯ ಲಿಂಕ್ ಒತ್ತಿದವರಿಗೆ ಸರಿಯಾದ ಸೂತ್ರ ಸಿಗುತ್ತದೆ. ಹಳೆಯದನ್ನು ಡ್ರೈವ್ 30 ದಿನ ಇಟ್ಟುಕೊಂಡು ಆಮೇಲೆ ಬಿಡುತ್ತದೆ. ಹೆಚ್ಚಿನವರು ಹಳೆಯ ಫೈಲ್ ಅಳಿಸಿ ಹೊಸದು ಹಾಕಿ ಹೊಸ ಲಿಂಕ್ ಕಳಿಸುತ್ತಾರೆ. ಹಾಗೆ ಮಾಡಬೇಡಿ, ತಪ್ಪು ಇಳಿಸಿಕೊಂಡವರಿಗೆ ಹೊಸ ಲಿಂಕ್ ಮುಟ್ಟುವುದೇ ಇಲ್ಲ.

ನಮ್ಮ ಕನ್ನಡದವರಿಗೆ ಬರುವ ಒಂದು ತೊಂದರೆ ಇದೆ, ಅದು ಡ್ರೈವ್‌ನ ತಪ್ಪಲ್ಲ. ನಮ್ಮ ಹಿರಿಯ ಶಿಕ್ಷಕರ ಹತ್ತಿರ 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೇ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ ಒಳ್ಳೊಳ್ಳೆಯ ವರ್ಡ್ ಫೈಲ್‌ಗಳಿವೆ. ಅವನ್ನು ಹಾಗೇ ಏರಿಸಿದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿದರೆ ಫಾಂಟ್ ಒಳಗೇ ಸೇರಿ ಬರುತ್ತದೆ, ಓದಲು ಅಡ್ಡಿ ಇಲ್ಲ. ಆದರೆ ಒಳಗಿನ ಪದ ಹುಡುಕಲು ಬರುವುದಿಲ್ಲ. ಅದಕ್ಕೆ ಯೂನಿಕೋಡ್‌ಗೆ, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸಲೇಬೇಕು. ಬರೀ ಅಚ್ಚಾದ ಹಾಳೆ ಇದ್ದರೆ ಸ್ಕ್ಯಾನ್ ಮಾಡಿದ್ದನ್ನು ಡ್ರೈವ್‌ನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ, ಅದು ಚಿತ್ರದಲ್ಲಿರುವ ಕನ್ನಡವನ್ನು ಅಕ್ಷರ ಮಾಡಿ ಕೊಡುತ್ತದೆ. ಅಚ್ಚು ಸ್ವಚ್ಛವಾಗಿದ್ದರೆ ನನಗೆ ಪುಟಕ್ಕೆ ಹತ್ತಿಪ್ಪತ್ತು ತಿದ್ದುಪಡಿ ಸಾಕಾಗುತ್ತದೆ. ಕೈಬರಹಕ್ಕೆ ಇದನ್ನು ನಂಬಬೇಡಿ.

ಸೈಜ್ ಕಡೆ ಗಮನ ಇರಲಿ. ಫೋನಿನಲ್ಲಿ ಸುಮ್ನೆ ಫೋಟೋ ತೆಗೆದರೆ ಪುಟಕ್ಕೆ 3-4 ಎಂಬಿ, 20 ಪುಟಕ್ಕೆ 70 ಎಂಬಿ ಆಗಿಬಿಡುತ್ತದೆ. ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ. ಕಪ್ಪು-ಬಿಳುಪಿನಲ್ಲಿ ತೆಗೆದರೆ ಅದೇ 20 ಪುಟ ನನಗೆ 5 ಎಂಬಿ ಒಳಗೆ ಬರುತ್ತದೆ. ಅಣ್ಣ, ತಂಗಿ, ಅವ್ವ ಎಲ್ಲರೂ ಒಂದೇ ಡೇಟಾ ಪ್ಯಾಕ್ ಹಂಚಿಕೊಳ್ಳುವ ಖೋಲಿಯಲ್ಲಿ ಈ ವ್ಯತ್ಯಾಸ ದೊಡ್ಡದು. ಪಾಠದ ಆಡಿಯೋ ಕೂಡ ಹಾಕುತ್ತೇನೆ. 64 ಕೆಬಿಪಿಎಸ್ ಗುಣಮಟ್ಟದಲ್ಲಿ 20 ನಿಮಿಷದ ಪಾಠ ಸುಮಾರು 10 ಎಂಬಿ. ಫೋರ್ಟ್ ಕಡೆ ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಗೆ ಹೋಗುವ 19 ವರ್ಷದ ಹುಡುಗನೊಬ್ಬ ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಕಿವಿಗೆ ಹಾಕಿಕೊಂಡು ಕೇಳುತ್ತಾನೆ. ವಿಡಿಯೋ ನಾನು ಹಾಕುವುದಿಲ್ಲ. 100 ಎಂಬಿ ದಾಟಿದ ಫೈಲಿಗೆ ಡ್ರೈವ್ ವೈರಸ್ ಪರೀಕ್ಷೆ ಮಾಡುವುದಿಲ್ಲ, ಇಳಿಸುವಾಗ ಹಾಗಂತ ಎಚ್ಚರಿಕೆ ತೋರಿಸುತ್ತದೆ. ವೈರಸ್ ಅನ್ನುವ ಪದ ನೋಡಿದರೆ ಮನೆಯವರು ಹೆದರಿ ಮುಚ್ಚಿಬಿಡುತ್ತಾರೆ.

ಜಾಗ 15 ಜಿಬಿ ಪುಕ್ಕಟೆ, ಅದು ಜಿಮೇಲ್, ಫೋಟೋಸ್ ಎರಡಕ್ಕೂ ಸೇರಿದ್ದು. ಬೇರೆ ಖಾತೆ ಮಾಡಿದ್ದರಿಂದ ನನಗೆ ಪೂರ್ತಿ 15 ನೋಟ್ಸ್‌ಗೇ ಸಿಕ್ಕಿದೆ, ನಾಲ್ಕು ವರ್ಷದಲ್ಲಿ 3 ಜಿಬಿಯೂ ತುಂಬಿಲ್ಲ. ಡ್ರೈವ್‌ನಂಥದ್ದೇ ಬೇರೆ ಸೇವೆಗಳನ್ನು ನೋಡಿದರೆ, ಡ್ರಾಪ್‌ಬಾಕ್ಸ್ ಪುಕ್ಕಟೆ ಕೊಡುವುದು 2 ಜಿಬಿ, ಒನ್‌ಡ್ರೈವ್ 5. ಮೆಗಾ 20 ಕೊಡುತ್ತದೆ, ಗೂಢಲಿಪಿಯ ಭದ್ರತೆಯೂ ಇದೆ. ಆದರೆ ಅಲ್ಲಿ ಆ ಗೂಢಲಿಪಿ ಬಿಡಿಸುವ ಬೀಗದ ಕೈ ಲಿಂಕಿನ ಕೊನೆಯಲ್ಲೇ ಇರುತ್ತದೆ, ಕಾಪಿ ಮಾಡುವಾಗ ಬಾಲ ತುಂಡಾದರೆ ಫೈಲ್ ತೆರೆಯುವುದಿಲ್ಲ. ಖಾಸಗಿ ಕಾಗದಕ್ಕೆ ಅದು ಒಳ್ಳೆಯದು, ಊರಿಗೆ ಹಂಚುವ ನೋಟ್ಸ್‌ಗೆ ಡ್ರೈವ್ ಸಲೀಸು.

ಹಾಗಂತ ಡ್ರೈವ್ ಒಂದನ್ನೇ ನಂಬಿ ಕೂರಬೇಡಿ. ಹಿಂದೆ ಡ್ರೈವ್‌ನಲ್ಲಿ ವೆಬ್ ಪುಟಗಳನ್ನೇ ಇಡಬಹುದಿತ್ತು, 2016ರಲ್ಲಿ ಅದನ್ನು ನಿಲ್ಲಿಸಿದರು. ಡ್ರಾಪ್‌ಬಾಕ್ಸ್‌ನಲ್ಲಿ 'ಪಬ್ಲಿಕ್' ಅಂತಲೇ ಒಂದು ಫೋಲ್ಡರ್ ಇತ್ತು, ಅದನ್ನು 2017ರಲ್ಲಿ ಮುಚ್ಚಿದರು. ಅದಕ್ಕೇ ತಿದ್ದಿ ಮುಗಿಸಿದ ಪಾಠಗಳ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೂ ಹಾಕುತ್ತೇನೆ. 1996ರಲ್ಲಿ ಶುರುವಾದ, ಲಾಭಕ್ಕಾಗಿ ನಡೆಸದ ಗ್ರಂಥಾಲಯ ಅದು. ಅಲ್ಲಿ ಹಾಕಿದ್ದು ಮೊದಲಿನಿಂದಲೇ ಎಲ್ಲರದು, ಇಳಿಸಲು ಖಾತೆ ಬೇಡ. 2024ರ ಅಕ್ಟೋಬರ್‌ನಲ್ಲಿ ಅದರ ಮೇಲೆ ಸೈಬರ್ ದಾಳಿಯಾಗಿ ಕೆಲವು ದಿನ ಬಾಗಿಲು ಹಾಕಿತ್ತು, ಹಾಗಾಗಿ ಮನೆಯ ಹಾರ್ಡ್ ಡಿಸ್ಕ್‌ನಲ್ಲೂ ಒಂದು ಪ್ರತಿ ಇದೆ. ಮೂರು ಕಡೆ ಅಂದರೆ ಜಾಸ್ತಿಯೇನಲ್ಲ.

ಅಂಗಡಿಯಲ್ಲಿ ಸಿಗುವ ಗೈಡ್ ಸ್ಕ್ಯಾನ್ ಮಾಡಿ ಹಾಕಿ ಅಂತ ಕೇಳುವವರೂ ಇದ್ದಾರೆ. ಹಾಕುವುದಿಲ್ಲ. ಬರೆದವರ ಹಕ್ಕು ಅದು, 1957ರ ಕಾಪಿರೈಟ್ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತದೆ. ಪಠ್ಯಪುಸ್ತಕ ಬೇಕಾದವರಿಗೆ ಬಾಲಭಾರತಿಯವರದೇ ತಾಣದ ಲಿಂಕ್ ಕೊಡುತ್ತೇನೆ. ನನ್ನ ಫೋಲ್ಡರಿನಲ್ಲಿ ಇರುವುದು ನಾನು ಬರೆದದ್ದು, ಮತ್ತೆ ಇಬ್ಬರು ಶಿಕ್ಷಕರು ಒಪ್ಪಿ ಕೊಟ್ಟದ್ದು ಮಾತ್ರ.

ಈಗ ಆ ಫೋಲ್ಡರಿನ ಲಿಂಕಿಗೆ ಕ್ಯೂಆರ್ ಕೋಡ್ ಮಾಡಿ ಅಚ್ಚು ಹಾಕಿಸಿ ಕಪ್ಪುಹಲಗೆಯ ಪಕ್ಕ ಅಂಟಿಸಿದ್ದೇನೆ. ಹೊಸದಾಗಿ ಬಂದ ಮಗುವಿನ ಅವ್ವ ಬಾಗಿಲಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ ಸಾಕು, ಗಣಿತ ಭಾಗ 1, ಭಾಗ 2, ವಿಜ್ಞಾನ ಭಾಗ 1 ತೆರೆದುಕೊಳ್ಳುತ್ತವೆ. ವಿಜ್ಞಾನ ಭಾಗ 2ರ ಮೂರು ಪಾಠ ಇನ್ನೂ ಬಾಕಿ ಇವೆ, ಈ ಭಾನುವಾರ ಏರಿಸುತ್ತೇನೆ. ಲಿಂಕ್ ಅದೇ.