ವಾಸ್ಕೋದ ಭಾನುವಾರದ ಫುಟ್‌ಬಾಲ್ ಕ್ಲಾಸ್: ಪಾಠ ಚೆನ್ನ, ಚೆಂಡು ತಪ್ಪು

ಗೋವಾದ ವಾಸ್ಕೋದ ಕನ್ನಡ ಮನೆಗಳ ಮಕ್ಕಳೇ ಹೆಚ್ಚು ಬರುವ ಈ ಕ್ಲಾಸಿನಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಆಫ್‌ಸೈಡ್ ಪಾಠ. ಹಲಗೆ ಮೇಲೆ ಗೀಚಿ ತಲೆ ತಿನ್ನೋದಿಲ್ಲ, ಮೈದಾನದಲ್ಲೇ ತೋರಿಸುತ್ತಾರೆ. ಪಾಸ್ ಕೊಟ್ಟ ಕ್ಷಣಕ್ಕೆ ಕೋಚ್ ‘ನಿಲ್ರೋ!’ ಅಂತಾರೆ, ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಎದುರಾಳಿಯ ಅರ್ಧದಲ್ಲಿರುವ ಹುಡುಗ ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಆಫ್‌ಸೈಡ್ ಜಾಗ. ಸಮಕ್ಕೆ ಇದ್ದರೆ ಅಲ್ಲ. ಸುಮ್ಮನೆ ನಿಂತರೆ ತಪ್ಪಿಲ್ಲ. ಚೆಂಡು ಮುಟ್ಟಿದರೆ, ಎದುರಾಳಿಗೆ ಅಡ್ಡ ಬಂದರೆ ಸೀಟಿ. ಥ್ರೋ-ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಲ್ಲಿ ಎಸೆಯೋದು), ಗೋಲ್ ಕಿಕ್ (ಗೋಲ್ ಮುಂದಿನಿಂದ ಒದೆಯೋದು), ಮೂಲೆಯಿಂದ ಒದೆಯುವ ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಟಿವಿ ಮುಂದೆ ಕೂಗಾಡುವ ಎಷ್ಟೋ ಅಪ್ಪಂದಿರಿಗೂ ಇದು ಗೊತ್ತಿರಲ್ಲ.

ಥ್ರೋ-ಇನ್‌ಗೆ ಎರಡೂ ಕೈ, ಚೆಂಡು ತಲೆಯ ಹಿಂದಿನಿಂದ ಮೇಲೆ ಹಾದು ಬರಬೇಕು, ಎರಡೂ ಪಾದ ನೆಲಕ್ಕೆ ತಾಗಿರಬೇಕು. ಎಸೆಯುವ ರಭಸಕ್ಕೆ ಹಿಂಗಾಲು ಎದ್ದುಬಿಡುತ್ತೆ, ಸರದಿ ಎದುರು ತಂಡಕ್ಕೆ ಹೋಗುತ್ತೆ. ಹಿಂಗಾಲಿನ ಬೆರಳು ನೆಲ ಕೆರೆಯುವ ಹಾಗೆ ಎಳೆಯಿರಿ ಅನ್ನೋದು ಇಲ್ಲಿನ ಮದ್ದು. ನಾಟುತ್ತೆ.

ಕೊರತೆ ಚೆಂಡಿನದು. ಹತ್ತು ವರ್ಷದವರಿಗೂ ದೊಡ್ಡವರ 5ನೇ ಸೈಜ್ ಕೊಡುತ್ತಾರೆ. ಆ ವಯಸ್ಸಿಗೆ 4 ಸರಿ. ಮೇಲಾಗಿ ಗಾಳಿ ಕಲ್ಲಿನಂತೆ ತುಂಬಿರುತ್ತೆ, ಕಾಲಲ್ಲಿ ತಡೆದರೆ ಪುಟಿದು ದೂರ ಹೋಗುತ್ತೆ. ಗೋಲ್‌ಕೀಪರ್ ಪಾಠವೂ ಹಳೆಯದು: ಚೆಂಡು ಕೈಯಲ್ಲಿಟ್ಟುಕೊಳ್ಳಲು 6 ಸೆಕೆಂಡ್ ಅಂತಲೇ ಹೇಳುತ್ತಾರೆ. 2025-26ರ ನಿಯಮದಲ್ಲಿ ಅದು 8; ಮೀರಿದರೆ ಎದುರಾಳಿಗೆ ಕಾರ್ನರ್. ಮಳೆಗಾಲದಲ್ಲಿ ಸೇರಿಸುವವರು ಅಡಿಯಲ್ಲಿ ಉಬ್ಬುಗಳಿರುವ ಸ್ಟಡ್ ಶೂ ಕೊಡಿಸಿ, ಕೆಂಪು ಕೆಸರಿನಲ್ಲಿ ಸಾದಾ ಶೂ ಜಾರುತ್ತೆ.