ತಳಕ್ಕೆ ಆಮ್ಲಜನಕವೋ, ಆಲಮ್ಮೋ?

ಕೆರೆ ಹಸಿರುಗಟ್ಟಲು ಹೊರಗಿನ ಕೊಳಚೆಯೊಂದೇ ಕಾರಣವಲ್ಲ. ಪಾಚಿಗೆ ಗೊಬ್ಬರವಾಗುವ ರಂಜಕವನ್ನು (ಫಾಸ್ಫರಸ್) ತಳದ ಹೂಳೂ ಬಿಡುತ್ತದೆ. ಆಮ್ಲಜನಕ ಇರುವಷ್ಟು ಕಾಲ ಹೂಳಿನ ಮೇಲ್ಪದರದ ತುಕ್ಕುಬಣ್ಣದ ಕಬ್ಬಿಣ ರಂಜಕವನ್ನು ಹಿಡಿದಿಟ್ಟಿರುತ್ತದೆ. ಆಮ್ಲಜನಕ ತೀರಿತೋ, ಕಬ್ಬಿಣ ಕರಗಿ ರಂಜಕ ನೀರಿಗೆ ಸೇರುತ್ತದೆ. ಅಮೋನಿಯಾ ಕೂಡ ಶೇಖರವಾಗುತ್ತದೆ.

ತಳಕ್ಕೆ ಆಮ್ಲಜನಕ ಊದಿದರೆ ಎರಡಕ್ಕೂ ಕಡಿವಾಣ, ಮೀನಿಗೂ ಉಸಿರು. ಆದರೆ ಯಂತ್ರ ನಿಂತರೆ ಮತ್ತೆ ಅದೇ ಕಥೆ. ಹೂಳಿನಲ್ಲಿ ಕಬ್ಬಿಣ ಕಡಿಮೆಯಿದ್ದರೆ, ಅಥವಾ ಸಲ್ಫೈಡ್ (ಗಂಧಕದ ಸಂಯುಕ್ತ) ಅದನ್ನು ಕಟ್ಟಿಹಾಕಿದ್ದರೆ, ಎಷ್ಟು ಊದಿದರೂ ರಂಜಕ ಅಷ್ಟಾಗಿ ತಗ್ಗದು. ಪಂಪ್ ಕೊಳ್ಳುವ ಮೊದಲು ಹೂಳು ಪರೀಕ್ಷೆ ಮಾಡಿಸಿ.

ಇನ್ನೊಂದು ದಾರಿ ಆಲಂ, ಅಂದರೆ ನೀರಿಗೆ ಹಾಕುವ ಅಲ್ಯೂಮಿನಿಯಂ ಲವಣ. ತಾನು ಹಿಡಿದ ರಂಜಕವನ್ನು ಅದು ಆಮ್ಲಜನಕವಿಲ್ಲದಿದ್ದರೂ ಬಿಡುವುದಿಲ್ಲ. ಅಮೋನಿಯಾಕ್ಕೆ ಮಾತ್ರ ಅದು ಮದ್ದಲ್ಲ. ಕ್ಷಾರತೆ (ಆಮ್ಲವನ್ನು ತಾಳಿಕೊಳ್ಳುವ ಶಕ್ತಿ) ಕಡಿಮೆಯಿರುವ ನೀರಿನಲ್ಲಿ ಆಲಂನಿಂದ ಪಿಎಚ್ 6ಕ್ಕಿಂತ ಕೆಳಗಿಳಿದರೆ ಮೀನಿಗೇ ಅಪಾಯ. ಮೀನು ಸಾಕುವ ಕೆರೆಯಾದರೆ ನನ್ನ ಮತ ಆಮ್ಲಜನಕಕ್ಕೇ.