ಪಾಠ ಯೋಜನೆ ತರಬೇತಿ: ಮಧ್ಯಾಹ್ನದ ಮೇಲೆ ಹೋದರೂ ಸಾಕು

ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳುವವರಿಗೆಂದು ಒಂದು ಖಾಸಗಿ ಸಂಸ್ಥೆ ನಡೆಸುವ ಪಾಠ ಯೋಜನೆ ತರಬೇತಿಗೆ ಹೋಗಿದ್ದೆ. ಬೆಳಗಿನ ಹೊತ್ತು ಸುಮ್ನೆ ಹೋಯಿತು. ಪಾಠವನ್ನು ಐದು ಹಂತಗಳಲ್ಲಿ ಕಟ್ಟುವ 5ಇ ಮಾದರಿಯ ಸ್ಲೈಡ್‌ಗಳನ್ನು ಓದಿ ಹೇಳಿದರು, ಅಷ್ಟೇ. ಬಿ.ಎಡ್‌ನಲ್ಲೇ ಅದನ್ನು ಬರೆದು ಬರೆದು ಕೈ ನೋಯಿಸಿಕೊಂಡವರು ನಾವು, ಅಲ್ವಾ?

ಊಟದ ನಂತರ ಬಂದ ಮೇಡಂ ಬೇರೆಯೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ‘ಇಲ್ಲಿನ 2 ಸೆಂಟಿಮೀಟರ್ ನೆಲದ ಮೇಲೆ ಎಷ್ಟು?’ ಎಂದರು. 1 ಕಿಲೋಮೀಟರ್ ಅನ್ನಲು ಮೇಷ್ಟ್ರುಗಳೂ ತಡವರಿಸಿದರು! ಆಮೇಲೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳ ಸರದಿ. ಗೆರೆಗಳು ಒತ್ತೊತ್ತಾಗಿದ್ದರೆ ಗುಡ್ಡದ ಇಳಿಜಾರು ಕಡಿದಾಗಿದೆ, ದೂರ ದೂರ ಇದ್ದರೆ ಇಳಿಜಾರು ಕಡಿಮೆ. ಇದನ್ನು ಮಕ್ಕಳೇ ಕಂಡುಹಿಡಿಯಬೇಕು, ನಾವು ಹೇಳಬಾರದು. ಪಾಠದ ಕೊನೆಗೆ ಕೇಳುವ ಪ್ರಶ್ನೆಯನ್ನು ಮೊದಲು ಬರೆಯಿರಿ, ಚಟುವಟಿಕೆ ಆಮೇಲೆ ಹುಡುಕಿ ಎಂದರು. 40 ನಿಮಿಷಕ್ಕೆ ಒಂದೇ ಚಟುವಟಿಕೆ ಸಾಕಂತೆ. ನನಗೂ ಹಾಗೇ ಅನ್ನಿಸಿದೆ.

ಇತಿಹಾಸಕ್ಕೆ ಮಾತ್ರ ಅನ್ಯಾಯ. ಹಲ್ಮಿಡಿ ಶಾಸನದ ಫೋಟೋ ತೋರಿಸಿ, ಹೆಸರು ಹೇಳಿ ಮುಂದೆ ಹೋದರು. ಇದನ್ನು ಯಾರು, ಯಾಕೆ ಕೆತ್ತಿಸಿದರು ಎಂದು ಕೇಳಿದ್ದರೆ ಅದೇ ಒಂದು ಪಾಠ ಆಗುತ್ತಿತ್ತು.

ಶುಲ್ಕ ಸ್ವಲ್ಪ ಜಾಸ್ತಿಯೇ. ಹೋದರೆ ನಕ್ಷೆಯ ಪ್ರತಿ ಕೇಳಿ ಪಡೆಯಿರಿ, ತಾವಾಗಿ ಕೊಡುವುದಿಲ್ಲ.